ಫಾದರ್ ಕೇಳಿದ ತಮಟೆ

ಫಾದರ್ ಸಿಪ್ರಿಯನ್ ನಮ್ಮೂರನ್ನು ಪ್ರೀತಿಸಿದಷ್ಟು ನಾವೇ ನಮ್ಮೂರನ್ನು ಪ್ರೀತಿಸಲಿಲ್ಲ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಅವರು ಇಪ್ಪತ್ತೆರಡು ವರ್ಷದ ಹಿಂದೆ ಮಂಗಳೂರು ಕಡೆಯಿಂದ ಬೇಕೆಂದೇ ಬಂದವರು. ನಾವು ಇಲ್ಲೇ ಹುಟ್ಟಿದವರು. ನಮ್ಮನ್ನು ಯಾರೂ ಕೇಳಿರಲಿಲ್ಲ.

ಊರು ತಿಪ್ಪಗಾನಕುಂಟೆ. ಮಿಡಿಗೇಶಿಯಿಂದ ಪಾವಗಡದ ಕಡೆಗೆ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ, ಆಮೇಲೆ ನಡಿಗೆ. ಹಳ್ಳದ ಆಚೆ ಊರು, ಈಚೆ ನಮ್ಮ ಕಾಲೊನಿ. ಫಾದರ್ ಮನೆ ಈಚೆ ದಡದಲ್ಲಿ, ನಮ್ಮ ಕಡೆಗೇ ಇತ್ತು. ಅದರ ಪಕ್ಕ ಔಷಧಿ ಕೊಡುವ ಒಂದು ಕೋಣೆ, ಸಂಜೆ ಪಾಠದ ಇನ್ನೊಂದು ಕೋಣೆ. ಸೊಸೆಯಾಗಿ ಬಂದ ಮೇಲೆ ಆ ಕೋಣೆಯಲ್ಲಿ ಕೂತು ಓದಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಈಗ ಆಶಾ ಕಾರ್ಯಕರ್ತೆ. ಊರಿನ ಮನೆಗಳಿಗೆ ಕಬ್ಬಿಣದ ಮಾತ್ರೆ ಕೊಡಲು ಹೋಗುತ್ತೇನೆ. ಮಾತ್ರೆ ಒಳಗೆ ಹೋಗುತ್ತದೆ. ನಾನು ಹೊಸಿಲಾಚೆ ನಿಲ್ಲುತ್ತೇನೆ.

ಫಾದರ್ ಬಂದ ಮೊದಲ ವರ್ಷ ಕಡಲೆಕಾಯಿ ಗಿಡದ ರೆಂಬೆಗಳಲ್ಲಿ ಕಾಯಿ ಹುಡುಕಿದ್ದರಂತೆ. ಸಿಗದೇ ಹೋದಾಗ, ಈ ಸಲ ಫಸಲು ಕೈಕೊಟ್ಟಿತು ಎಂದು ನಮ್ಮ ಮಾವನ ಭುಜ ತಟ್ಟಿ ಸಮಾಧಾನ ಹೇಳಿದ್ದರಂತೆ. ಮಾವ ಒಂದು ಗಿಡ ಕಿತ್ತು ಬುಡ ಮೇಲು ಮಾಡಿ ತೋರಿಸಿದ ಕಥೆಯನ್ನು ನಮ್ಮ ಕಾಲೊನಿಯ ಮಕ್ಕಳು ಇವತ್ತಿಗೂ ಆಡಿ ತೋರಿಸುತ್ತಾರೆ. ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು. ನುಂಗಬೇಕು ಎಂದು ನಮ್ಮತ್ತೆ ಎಷ್ಟು ಹೇಳಿದರೂ, ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದರು. ಎಂಟನೆಯ ಸಲಕ್ಕೆ ಹಲ್ಲು ಮೆತ್ತಿಕೊಂಡು ಮಾತು ನಿಲ್ಲುತ್ತಿತ್ತು. ತಮ್ಮೂರಿಂದ ಹಲಸಿನ ಸಸಿ ತಂದು ನೆಟ್ಟು ಒಂಬತ್ತು ವರ್ಷ ನೀರು ಹುಯ್ದರು. ಅದು ಸೊಂಟದೆತ್ತರಕ್ಕೆ ಬಂದು ನಿಂತುಬಿಟ್ಟಿತು. ಬರುವ ವರ್ಷ ಖಂಡಿತ ಕಾಯಿ ಬಿಡುತ್ತದೆ ಎಂದು ಅವರು ನಂಬಿದ್ದರು. ಬರುವ ವರ್ಷ ಖಂಡಿತ ಚಿಗುರುತ್ತದೆ ಎಂದು ಮೇಕೆಗಳು ನಂಬಿದ್ದವು.

ಇಷ್ಟು ವರ್ಷದಲ್ಲಿ ಒಬ್ಬರನ್ನೂ ಮತಾಂತರ ಮಾಡಲಿಲ್ಲ. ನಾವೇ ಅವರನ್ನು ಅಷ್ಟಿಷ್ಟು ಮಾಡಿದೆವು. ಎಲೆಅಡಿಕೆ ಕಲಿಸಿದೆವು. ನಿಲ್ಲಿಸದೆ ಹೋದ ಬಸ್ಸಿಗೆ ಬೈಯುವುದು ಕಲಿಸಿದೆವು.

ತಮ್ಮವರ ಪತ್ರಿಕೆಯಲ್ಲಿ ಆಗಾಗ ನಮ್ಮ ಬಗ್ಗೆ ಬರೆಯುತ್ತಿದ್ದರು. 'ಈ ದೂರದ ಹಳ್ಳಿಯ ಮುಗ್ಧ ಜನ' ಎಂದು ಶುರುವಾಗುತ್ತಿತ್ತು. ಒಂದು ಸಲ ನಾನು ಕೇಳಿದೆ, "ಫಾದರ್, ದೂರ ಅಂದ್ರೆ ಎಲ್ಲಿಂದ ದೂರ? ನಮ್ಗೆ ಇದು ಹತ್ರಾನೇ." ಅವರು ಮುಖ ಕೆಂಪಗೆ ಮಾಡಿಕೊಂಡು ನಕ್ಕರು. ಮುಂದಿನ ಸಂಚಿಕೆಯಲ್ಲಿ 'ಮುಗ್ಧ ಆದರೆ ಚತುರ ಜನ' ಎಂದು ಬಂತು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೂ ಮಾಡಬೇಕಾಯಿತು. ಅದನ್ನೇ ಹೇಳುತ್ತಿದ್ದೇನೆ.

ನಮ್ಮ ಮಾವ ಓಬಳಯ್ಯ ತಮಟೆ ಬಾರಿಸುತ್ತಿದ್ದರು. ಅವರ ಅಪ್ಪ, ತಾತ ಎಲ್ಲರೂ ಬಾರಿಸಿದವರೇ. ಸಾವಿಗೆ ಬಾರಿಸಬೇಕು, ದೇವರಿಗೆ ಬಾರಿಸಬೇಕು, ಊರಿಗೆ ದೊಡ್ಡವರು ಬಂದರೆ ಬಾರಿಸಬೇಕು. ಯಾರೂ ಕರೆಯುತ್ತಿರಲಿಲ್ಲ, ಹೇಳಿ ಕಳಿಸುತ್ತಿದ್ದರು. ಬೆಳಗ್ಗೆ ಬರಿಗಾಲಲ್ಲಿ ಹೋದರೆ ಸಂಜೆ ಬರುವುದು. ಹೆಗಲಲ್ಲಿ ತಮಟೆಯ ಹಗ್ಗ ಕೊರೆದ ಗೀರು ಇವತ್ತಿಗೂ ಇದೆ. ಎಡಗೈ ಬೆರಳುಗಳ ಸಂದಿಯಲ್ಲಿ ಕಡ್ಡಿ ಉಜ್ಜಿ ಉಜ್ಜಿ ಚರ್ಮ ಗಟ್ಟಿಯಾಗಿ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ.

ಆ ಸದ್ದು ಫಾದರಿಗೆ ಪ್ರಾಣ. ಮೊದಲ ಸಲ ಕೇಳಿದಾಗ ಅತ್ತರಂತೆ. "ಎಂಥ ವಾದ್ಯ ಮಾರಾಯ್ರೆ! ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ!" ಎಂದು ಸಿಕ್ಕವರಿಗೆಲ್ಲ ಹೇಳಿದರಂತೆ. ತಟ್ಟಿದವನ ಕೈ ಹೇಗಿದೆ ಎಂದು ಆಗ ಅವರು ನೋಡಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಊರಮ್ಮನ ಮೆರವಣಿಗೆ. ಏಪ್ರಿಲ್ ಬಿಸಿಲು. ಮಾವನಿಗೆ ಅರವತ್ತೆರಡು. ಬೆಳಗ್ಗೆ ಏಳಕ್ಕೆ ಶುರು ಮಾಡಿದವರು ಮಧ್ಯಾಹ್ನ ಎರಡಾದರೂ ನಿಲ್ಲಿಸಿರಲಿಲ್ಲ. ಕಾಲು ಬೊಬ್ಬೆ ಎದ್ದಿತ್ತು. ಮೆರವಣಿಗೆ ಗುಡಿ ಮುಂದೆ ನಿಂತಾಗ ತಲೆ ಸುತ್ತಿ, ನೆರಳು ಕಂಡು, ಗುಡಿ ಮಂಟಪದ ಎರಡು ಮೆಟ್ಟಿಲು ಹತ್ತಿಬಿಟ್ಟರು. ಎರಡೇ ಮೆಟ್ಟಿಲು. ಕೊರಳಲ್ಲಿ ತಮಟೆ ಇತ್ತು. ಊರಿನ ಯಜಮಾನ ರುದ್ರಮುನಿಯ ಅಣ್ಣನ ಮಗ ಹಿಂದಿನಿಂದ ಕೋಲಲ್ಲಿ ಮೊಣಕಾಲಿಗೆ ಹೊಡೆದ. ಮಾವ ಉರುಳಿ ಬಿದ್ದರು. ಮೊಣಕೈ ಮೂಳೆ ಮುರಿಯಿತು. ಅದರ ಮೇಲೆ ರುದ್ರಮುನಿ ಹೇಳಿದ ಮಾತು ಒಂದೇ. "ಏಳ್ಲಾ ಓಬಳ, ಬಾರ್ಸು. ಅಮ್ಮ ನಿಂತವಳೆ."

ಮಾವ ಎದ್ದರು. ಮುರಿದ ಕೈಯಲ್ಲೇ ಬಾರಿಸಿದರು. ನಾನು ನೋಡಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ತಾಳ ತಪ್ಪಲಿಲ್ಲ.

ಮರುದಿನ ನಮ್ಮತ್ತೆ ಕೊಲ್ಲಾಪುರಮ್ಮ ಕಾಲೊನಿಯ ಹನ್ನೊಂದು ತಮಟೆಗಳನ್ನೂ ತಂದು ಹಳ್ಳದಲ್ಲಿ ರಾಶಿ ಹಾಕಿ ಸೀಮೆಎಣ್ಣೆ ಹುಯ್ದರು. ಇನ್ನು ಮೇಲೆ ಯಾರ ಸಾವಿಗೂ ಇಲ್ಲ, ಯಾರ ದೇವರಿಗೂ ಇಲ್ಲ. ಎಲ್ಲರೂ ಬೆಂಕಿ ಮುಂದೆ ನಿಂತು ಒಪ್ಪಿಕೊಂಡೆವು. ಊರಿನವರು ಸುಮ್ಮನಿರಲಿಲ್ಲ. ಬಿತ್ತನೆ ಕಡಲೆಕಾಯಿ ಸುಲಿಯುವ ಕೆಲಸಕ್ಕೆ ನಮ್ಮ ಹೆಂಗಸರನ್ನು ಕರೆಯಲಿಲ್ಲ. ಬೆರಳು ಊದಿಸುವ ಕೆಲಸ ಅದು, ಆದರೂ ಅದೇ ನಮ್ಮ ಅನ್ನ. ಹಿಟ್ಟಿನ ಗಿರಣಿಯವನು ನಮ್ಮ ರಾಗಿ ಬೀಸಲಿಲ್ಲ. ಅಧಿಕಾರಿಗಳು ಬಂದು ಶಾಂತಿ ಸಭೆ ಮಾಡಿ, ಊರಿನ ಕಡೆ ಕಾಫಿ ಕುಡಿದು ಹೋದರು. ನನ್ನ ಗಂಡ ಅಂಜಿನಮೂರ್ತಿ ಕ್ಯಾತಗಾನಚೆರ್ಲು ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಹುಲ್ಲು ಕೀಳುವ ಕೆಲಸಕ್ಕೆ ಹೋದ.

ಆ ಇಡೀ ವರ್ಷ ಫಾದರ್ ನಮ್ಮ ಜೊತೆ ನಿಂತರು. ಸುಳ್ಳು ಹೇಳಬಾರದು. ತಮ್ಮ ಹಳೆಯ ಜೀಪಿನಲ್ಲಿ ನಮ್ಮ ರಾಗಿ ಮೂಟೆ ಹಾಕಿಕೊಂಡು ಮಿಡಿಗೇಶಿ ಗಿರಣಿಗೆ ಹೋಗಿ, ಕಣ್ಣುರೆಪ್ಪೆಗೆಲ್ಲ ಹಿಟ್ಟು ಮೆತ್ತಿಸಿಕೊಂಡು ಬರುತ್ತಿದ್ದರು. ಆಸ್ಪತ್ರೆಯಲ್ಲಿ ಮಾವನ ಪಕ್ಕ ಹನ್ನೊಂದು ದಿನ ಸ್ಟೂಲ್ ಮೇಲೆ ಕೂತಿದ್ದರು. "ಇದು ನಿಮ್ಮ ಸ್ವಾಭಿಮಾನ, ಬಿಡಬೇಡಿ" ಎಂದವರೂ ಅವರೇ. ಒಂದೇ ಒಂದು ಕೆಲಸ ಮಾತ್ರ ಬೇರೆ ಥರ ಮಾಡಿದರು. ಬೆಂಕಿ ಹಚ್ಚುವಾಗ ಓಡಿ ಬಂದು ಮಾವನ ತಮಟೆಯನ್ನು ಎಳೆದುಕೊಂಡರು. "ಇದು ಕಲೆ. ಕಲೆಯನ್ನು ಸುಡಬಾರದು." ತಮ್ಮ ಕೋಣೆಯ ಗೋಡೆಗೆ ನೇತುಹಾಕಿ, 'ಜಾನಪದ ವಾದ್ಯ' ಎಂದು ದುಂಡಗೆ ಬರೆದು ಚೀಟಿ ಅಂಟಿಸಿದರು. ಅದರ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತು. ನಾವು ನಕ್ಕು ಸುಮ್ಮನಾದೆವು.

ಈ ವರ್ಷ ಅವರಿಗೆ ವರ್ಗವಾಯಿತು. ವಯಸ್ಸಾಯಿತು, ಕಡಲ ಕಡೆಗೇ ಬಂದು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೇಲಿನಿಂದ ಕಾಗದ ಬಂತು. ಸುದ್ದಿ ತಿಳಿದು ಕಾಲೊನಿಯಲ್ಲಿ ಮೂರು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಊರಿನ ಕಡೆಯವರಿಗೂ ಫಾದರ್ ಎಂದರೆ ಗೌರವ. ರುದ್ರಮುನಿಯ ತಾಯಿಗೆ ಲಕ್ವ ಹೊಡೆದಾಗ ಜೀಪಿನಲ್ಲಿ ಹಾಕಿಕೊಂಡು ಓಡಿದ್ದು ಅವರೇ. ಗುಡಿ ಮಂಟಪದಲ್ಲೇ ಬೀಳ್ಕೊಡುಗೆ ಇಟ್ಟುಕೊಳ್ಳೋಣ, ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಡೋಣ ಎಂದು ರುದ್ರಮುನಿ ಫಾದರ್ ಮನೆಗೇ ಬಂದ. "ನಿಮ್ಗೆ ಇನ್ನೇನು ಆಸೆ ಐತೆ ಹೇಳಿ ಫಾದರ್" ಎಂದ.

ಫಾದರ್ ಯೋಚನೆ ಕೂಡ ಮಾಡಲಿಲ್ಲ. "ನನಗೆಂತದ್ದೂ ಬೇಡ. ಹೋಗುವ ಮೊದಲು ಓಬಳಯ್ಯನ ತಮಟೆ ಒಂದು ಸಲ ಕೇಳಬೇಕು, ಅಷ್ಟೇ" ಎಂದರು.

ಔಷಧಿ ಕೋಣೆಯಲ್ಲಿ ಮಾತ್ರೆ ಎಣಿಸುತ್ತಿದ್ದ ನನಗೆ ಇದು ಕೇಳಿಸಿತು. ರುದ್ರಮುನಿಯ ಮುಖವೂ ಕಂಡಿತು. ನಾಲ್ಕು ವರ್ಷದಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಅವತ್ತೇ ಸಂಜೆ ಕಾಲೊನಿಗೆ ಹೇಳಿಕೆ ಬಂತು. ತಂದವನು ಊರಿನ ಮಲ್ಲೇಶ. "ನಾವು ಕೇಳ್ತಿಲ್ಲಪ್ಪ. ನಿಮ್ಮ ಫಾದರೇ ಕೇಳವ್ರೆ. ಭಾನುವಾರ ಹತ್ತು ಗಂಟೆಗೆ, ಅವರ ಮನೆಯಿಂದ ಗುಡಿ ತಂಕ. ಅವ್ರಿಗೂ ಆಗಲ್ಲ ಅಂತೀರೇನು?"

ಬಂದವನು ಹಳ್ಳ ದಾಟಿ ಹೋದ. ಎಲ್ಲರಿಗೂ ಅರ್ಥವಾಗಿತ್ತು. ಭಾನುವಾರ ಫಾದರಿಗೆ ಬಾರಿಸಿದರೆ, ಮುಂದಿನ ಏಪ್ರಿಲ್‌ನಲ್ಲಿ ಊರಮ್ಮನಿಗೆ ಬಾರಿಸಬೇಕು. ಪಾದ್ರಿಗೆ ಏಳುವ ಕೈ ಅಮ್ಮನಿಗೆ ಯಾಕೆ ಏಳಲ್ಲ ಎಂದು ಕೇಳುತ್ತಾರೆ. ಒಂದು ಸಲದ ತಮಟೆಗೆ ನಾಲ್ಕು ವರ್ಷದ ಹಠ ಹೋಗಿಬಿಡುತ್ತದೆ.

ಮೊದಲು ಬಾಯಿ ಬಿಟ್ಟವರು ಮಾವ. "ಬಾರುಸ್ತೀನಿ."

"ಏನಂದೆ?" ಎಂದರು ಅತ್ತೆ.

"ನಾನು ಕಕ್ಕಸಿಗೆ ಹೋಗಾಕೂ ಆಗ್ದಾಗ ಆ ಮನುಷ್ಯ ಎತ್ತಿ ಕೂರ್ಸವ್ನೆ ಕಣೇ. ಹನ್ನೊಂದು ದಿನ. ನನ್ನ ಹೆತ್ತ ಮಗ ಮಾಡ್ಲಿಲ್ಲ. ಅವ್ನು ಬಾಯಿ ಬುಟ್ಟು ಒಂದು ಕೇಳವ್ನೆ. ನಾನು ಹೆಂಗೆ ಇಲ್ಲ ಅನ್ಲಿ?"

ನನ್ನ ಗಂಡ ತಲೆ ತಗ್ಗಿಸಿದ. ಅತ್ತೆ ಸೆರಗು ಬಾಯಿಗೆ ಹಿಡಿದರು. ನನಗೆ ಮಾತ್ರ ಮೈ ಉರಿಯಿತು. ಅನ್ನ ಕಿತ್ತುಕೊಂಡವರಿಗೆ ಮಣಿಯದ ಮನುಷ್ಯ ಇವತ್ತು ಪ್ರೀತಿಗೆ ಮಣಿಯುತ್ತಿದ್ದ. ರುದ್ರಮುನಿ ನಾಲ್ಕು ವರ್ಷ ತಿಣುಕಿದರೂ ಆಗದ ಕೆಲಸವನ್ನು ಫಾದರ್ ಒಂದು ಮಾತಿನಲ್ಲಿ ಮಾಡಿಕೊಟ್ಟಿದ್ದರು. ಅವರಿಗದು ಗೊತ್ತೂ ಇರಲಿಲ್ಲ.

ಶನಿವಾರ ಬೆಳಗ್ಗೆ ಅವರ ಮನೆಗೆ ಹೋದೆ. ಫಾದರ್ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ನೋಡಿ ಹಿಗ್ಗಿದರು.

"ಬಾ ಚಿತ್ರಾ. ನಾಳೆ ಓಬಳಯ್ಯ ಬಾರಿಸ್ತಾರಂತೆ, ಗೊತ್ತುಂಟಾ?"

"ಬಾರ್ಸಲ್ಲ ಫಾದರ್. ಅದನ್ನೇ ಹೇಳಾಕೆ ಬಂದೆ."

ಅವರ ಕೈ ನಿಂತಿತು. "ಅವರು ಒಪ್ಪಿದ್ದಾರಲ್ಲ?"

"ನೀವು ಕೇಳಿದ್ರೆ ಅವ್ರು ಪ್ರಾಣ ಬೇಕಾದ್ರೂ ಕೊಡ್ತಾರೆ. ಅದ್ಕೇ ನೀವು ಕೇಳ್ಬಾರ್ದಿತ್ತು."

"ನಾನು ಅವರನ್ನು ಆಳು ಅಂತ ಕರೀಲಿಲ್ಲ ಮಾರಾಯ್ತಿ. ಪ್ರೀತಿಯಿಂದ ಕೇಳಿದ್ದು. ಒಂದು ಸಲ ಮಾತ್ರ."

"ನಿಮ್ಗೆ ಒಂದು ಸಲ. ನೀವು ಸೋಮವಾರ ಬಸ್ಸು ಹತ್ತಿ ಹೋಗ್ತೀರ. ನಾವು ಇಲ್ಲೇ ಇರ್ಬೇಕು. ನಾಳೆ ಬಾರ್ಸಿದ್ರೆ ನನ್ನ ಮಗನೂ ಬಾರ್ಸಬೇಕು."

"ಇಪ್ಪತ್ತೆರಡು ವರ್ಷ," ಎಂದರು ಫಾದರ್. ಪೆಟ್ಟಿಗೆ ಪಕ್ಕದ ಕುರ್ಚಿಯಲ್ಲಿ ಕೂತರು. "ಇಪ್ಪತ್ತೆರಡು ವರ್ಷದಲ್ಲಿ ನಾನು ನಿಮ್ಮ ಹತ್ತಿರ ಏನಾದರೂ ಕೇಳಿದ್ದುಂಟಾ?"

ಇಲ್ಲ. ಕೇಳಿರಲಿಲ್ಲ. ನನಗೆ ಅಕ್ಷರ ಕೊಟ್ಟ ಮನುಷ್ಯ ಅವರು. ನನ್ನ ಮಗನಿಗೆ ಡೆಂಗಿ ಬಂದಾಗ ಅವರು ಮಂಡಿಯೂರಿ ಕೂತಿದ್ದನ್ನು ನೋಡಿದ್ದೇನೆ. ಆದರೆ ಆ ಕ್ಷಣ ಅಲ್ಲಿ ಕೂತಿದ್ದವರು ಅಮ್ಮ ತಿಂಡಿ ಕೊಡಲಿಲ್ಲ ಎಂದು ಮುನಿಸಿಕೊಂಡ ಎಪ್ಪತ್ತು ವರ್ಷದ ಮಗುವಿನ ಹಾಗೆ ಕಂಡರು. ಅಳುವುದೋ ನಗುವುದೋ ತಿಳಿಯಲಿಲ್ಲ. ಗೋಡೆಯಿಂದ ತಮಟೆ ತೆಗೆದೆ. ಹಲ್ಲಿ ಓಡಿತು. ತಮಟೆಯನ್ನು ಅವರ ತೊಡೆಯ ಮೇಲೆ ಇಟ್ಟೆ.

"ಅಷ್ಟು ಇಷ್ಟ ಇದ್ರೆ ನೀವೇ ಬಾರ್ಸಿ ಫಾದರ್. ಇಷ್ಟು ದಿನ ಕೇಳಿದ್ರಿ, ಒಂದು ದಿನ ಹೊತ್ತು ನೋಡಿ."

ಹೇಳಿ ಬಂದುಬಿಟ್ಟೆ. ದಿನಾ ಕಳಿಸುವ ಮಜ್ಜಿಗೆಯನ್ನೂ ಅವತ್ತು ಕಳಿಸಲಿಲ್ಲ. ಮನೆಗೆ ಬಂದು ಮಾವನಿಗೆ ನಡೆದದ್ದನ್ನು ಹೇಳಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಬಾರಿಸುತ್ತೇನೆ ಎನ್ನಲಿಲ್ಲ, ಬಾರಿಸುವುದಿಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಹತ್ತಕ್ಕೆ ಫಾದರ್ ಮನೆ ಮುಂದೆ ಎಲ್ಲರೂ ಸೇರಿದ್ದರು. ಊರಿನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಒಂದು ಕಡೆ, ನಾವು ಒಂದು ಕಡೆ. ಮಧುಗಿರಿಯಿಂದ ಇಬ್ಬರು ಅಧಿಕಾರಿಗಳು ಬಂದಿದ್ದರು. ಶಿರಾದಿಂದ ನವೀನ್ ಕುಮಾರ್ ಎಂಬ ಯೂಟ್ಯೂಬ್ ಚಾನೆಲ್‌ನವನು ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಮಾವ ಬಂದು ಬೇಲಿ ಹತ್ತಿರ ನಿಂತರು. ರುದ್ರಮುನಿ ಅವರನ್ನೇ ನೋಡುತ್ತಿದ್ದ.

ಬಾಗಿಲು ತೆರೆಯಿತು. ಫಾದರ್ ಹೊರಗೆ ಬಂದರು. ಬಿಳಿ ನಿಲುವಂಗಿ, ಅದರ ಮೇಲೆ ಕೊರಳಿಗೆ ತಮಟೆ. ಎರಡೂ ಕೈಯಲ್ಲಿ ಕಡ್ಡಿ, ಎಡಗೈಯದು ಬಲಕ್ಕೆ, ಬಲಗೈಯದು ಎಡಕ್ಕೆ. 'ಜಾನಪದ ವಾದ್ಯ' ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅಂಗಳಕ್ಕೆ ಇಳಿದವರೇ ಬಾರಿಸಲು ಶುರು ಮಾಡಿದರು.

ಅರ್ಥ ಮಾಡಿಕೊಂಡು ಬಾರಿಸಿದರೋ, ನನ್ನ ಮೇಲಿನ ಹಠಕ್ಕೆ ಬಾರಿಸಿದರೋ, ನನಗೆ ಈಗಲೂ ಗೊತ್ತಿಲ್ಲ. ಸದ್ದು ಮಾತ್ರ ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ ಬರುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಧಿಕಾರಿಗಳು ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹಳ್ಳ ದಾಟುವ ಹೊತ್ತಿಗೆ ಮಾವನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಫಾದರ್, ಬೆಂಕಿಗೆ ಕಾಯಿಸ್ಬೇಕು ಅದನ್ನ! ತಣ್ಣಗಿದ್ರೆ ಹೆಂಗೆ ನುಡೀತದೆ?"

ರುದ್ರಮುನಿ ತಟ್ಟನೆ ತಿರುಗಿದ. "ಅಂಗಾದ್ರೆ ನೀನೇ ಈಸ್ಕೊಳ್ಳಪ್ಪ ಓಬಳಯ್ಯ. ಪಾಪ, ವಯಸ್ಸಾದೋರು, ಅವ್ರಿಗೆ ಕೈ ನೋಯ್ತದೆ." ಮೊಬೈಲ್ ಇದ್ದುದರಿಂದ ಓಬಳ ಅವತ್ತು ಓಬಳಯ್ಯನಾಗಿದ್ದ.

ಎಲ್ಲರೂ ನಿಂತರು. ಫಾದರ್ ಕೂಡ ನಿಂತರು. ಅವರ ಹೆಗಲು ಬಾಗಿತ್ತು, ಮುಖ ಬೆವರಿನಲ್ಲಿ ತೊಯ್ದಿತ್ತು, ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು. ಮಾವನ ಬೆರಳುಗಳು ಆಡುತ್ತಿದ್ದವು. ಐವತ್ತು ವರ್ಷ ಬಾರಿಸಿದ ಕೈ.

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬ್ಯಾಡ ಯಜಮಾನ್ರೆ," ಎಂದರು. "ಕಲೀಲಿ ಬುಡಿ."

ಅತ್ತೆ ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಅತ್ತರು. ಫಾದರ್ ಮಾವನನ್ನು ನೋಡಿ ತಲೆಯಾಡಿಸಿದರು, ಮತ್ತೆ ಬಾರಿಸುತ್ತಾ ನಡೆದರು.

ಗುಡಿ ಬಂತು. ಆರು ಮೆಟ್ಟಿಲು. ಮೇಲೆ ಮಂಟಪದ ನೆರಳಲ್ಲಿ ಕುರ್ಚಿಗಳು, ನಡುವೆ ಕೆಂಪು ಬಟ್ಟೆ ಹೊದಿಸಿದ ಒಂದು ದೊಡ್ಡ ಕುರ್ಚಿ. ರುದ್ರಮುನಿ ಮುಂದೆ ಹತ್ತಿ ಶಾಲಿನ ತಟ್ಟೆ ಹಿಡಿದು ನಿಂತ. ಫಾದರ್ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು.

"ಫಾದರ್, ಅದನ್ನ ಅಲ್ಲೇ ಕೆಳಗಿಟ್ಟು ಬನ್ನಿ," ಎಂದ ರುದ್ರಮುನಿ.

"ಯಾಕೆ?"

"ಅದು ಮೇಲೆ ಬರಂಗಿಲ್ಲ."

"ನಾನು ಬರಬಹುದಾ?"

"ನೀವು ಬರ್ಬೋದು. ನಿಮ್ಗೇ ಅಲ್ವಾ ಕುರ್ಚಿ ಹಾಕಿರೋದು? ಅದು ಬ್ಯಾಡ."

ಫಾದರ್ ಆ ಮೆಟ್ಟಿಲನ್ನು ನೋಡಿದರು. ಇಪ್ಪತ್ತೆರಡು ವರ್ಷ ಹತ್ತಿ ಇಳಿದ ಮೆಟ್ಟಿಲು. ಪ್ರಸಾದ ತಿಂದು, ಪಾನಕ ಕುಡಿದು, ರುದ್ರಮುನಿಯ ಜೊತೆ ಪಟಗಳಿಗೆ ನಿಂತ ಮೆಟ್ಟಿಲು. ಅಷ್ಟು ವರ್ಷದಲ್ಲಿ ಯಾರೂ ಅವರಿಗೆ ಬೇಡ ಎಂದಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಹಾಗಾದರೆ ನಾನು ಇಲ್ಲೇ ಇರ್ತೇನೆ," ಎಂದರು.

"ಬುಡು ನನ್ನಪ್ಪ," ಎಂದರು ಅತ್ತೆ ಗಟ್ಟಿಯಾಗಿ. "ಇವತ್ತು ನೀನು ನಮ್ಮೋನಾದೆ."

ಮೇಲಿದ್ದವರು ಕೆಳಗೆ ಬರುವಂತಿಲ್ಲ, ಕೆಳಗಿದ್ದವರು ಮೇಲೆ ಹೋಗುವಂತಿಲ್ಲ. ಶಾಲು ತಟ್ಟೆಯಲ್ಲೇ ಉಳಿಯಿತು. ನವೀನ್ ಕುಮಾರ್ ಮೊಬೈಲನ್ನು ರುದ್ರಮುನಿಯ ಮುಖಕ್ಕೆ ಹಿಡಿದ. "ಸಾರ್, ಏನು ಸಮಸ್ಯೆ? ಇಲ್ಲಿ ಜಾತಿ ಭೇದ ಇದೆಯಾ?"

"ಎಲ್ಲೈತ್ರಿ ಭೇದ?" ರುದ್ರಮುನಿ ನಗಲು ನೋಡಿದ. ಅಧಿಕಾರಿಗಳ ಕಡೆಗೂ ತಿರುಗಿ ಜೋರಾಗಿ ಹೇಳಿದ. "ನಮ್ಮೂರಲ್ಲಿ ಅಂತಾದ್ದೇನಿಲ್ಲ. ತಮಟೆ ಒಂದು ಮೇಲೆ ತರಂಗಿಲ್ಲ, ಅದು ಹಳೇ ಪದ್ಧತಿ. ಜನ ಯಾರು ಬೇಕಾದ್ರೂ ಬರ್ಬೋದು. ಯಾರು ಬ್ಯಾಡ ಅಂದೋರು?"

"ಇನ್ನೊಂದು ಸಲ ಹೇಳಿ ಯಜಮಾನ್ರೆ," ಎಂದೆ ನಾನು. "ಜನ ಯಾರು ಬೇಕಾದ್ರೂ ಬರ್ಬೋದಾ?"

ಅವನು ನನ್ನನ್ನು ಸುಡುವಂತೆ ನೋಡಿದ. ಮೊಬೈಲ್ ನೋಡಿದ. "ಬರ್ಬೋದು ಕಣಮ್ಮ," ಎಂದ.

"ಮಾವ, ನಿಮ್ಮ ಕೈ ತೋರ್ಸಿ."

ಮಾವ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು ಬಿಚ್ಚಿದರು. ಎರಡೂ ಖಾಲಿ. ಅವರು ಒಂದು ಗಳಿಗೆ ಮೆಟ್ಟಿಲನ್ನೇ ನೋಡಿದರು. ಆಮೇಲೆ ಹತ್ತಿದರು. ಒಂದು. ಎರಡು. ಎರಡನೆಯದರ ಮೇಲೆ ನಿಂತು ಹಿಂದಕ್ಕೆ ತಿರುಗಿ ನೋಡಿದರು. ಯಾರೂ ಹೊಡೆಯಲಿಲ್ಲ. ಮಿಕ್ಕ ನಾಲ್ಕನ್ನೂ ಹತ್ತಿ, ರುದ್ರಮುನಿಯ ಪಕ್ಕದಲ್ಲೇ ಹಾದು, ಕೆಂಪು ಬಟ್ಟೆಯ ಕುರ್ಚಿಯ ಮೇಲೆ ಕೂತರು. ತುದಿಯಲ್ಲಿ ಕೂತಿದ್ದರು. ನೆರಳು ತಾಕಿ ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ ಹಿಂದಕ್ಕೆ ಸರಿದು ಬೆನ್ನು ಒರಗಿಸಿದರು.

"ಹೂಂ, ಬಾರ್ಸಿ ಫಾದರ್," ಎಂದರು. "ಬಲಗೈ ಜೋರಾಗಿ ಬೀಳ್ಲಿ."

ಫಾದರ್ ಬಿಸಿಲಲ್ಲಿ ನಿಂತು ಬಾರಿಸಿದರು. ತಾಳ ತಪ್ಪಿದಾಗಲೆಲ್ಲ ಮಾವ ಮೇಲಿನಿಂದ ತಿದ್ದಿದರು. ನಾಳೆ ಫಾದರ್ ಬಸ್ಸು ಹತ್ತುತ್ತಾರೆ, ಮೊಬೈಲಿನವನು ಶಿರಾಕ್ಕೆ ಹೋಗುತ್ತಾನೆ, ನಾಡಿದ್ದು ಏನಾಗುತ್ತದೆ ಎಂದು ಅಲ್ಲಿ ನಿಂತಿದ್ದ ನಮಗೆಲ್ಲರಿಗೂ ಗೊತ್ತಿತ್ತು. ಆದರೂ ನಮ್ಮಲ್ಲಿ ಒಬ್ಬರೂ ಮಾವನನ್ನು ಇಳಿದು ಬಾ ಎಂದು ಕರೆಯಲಿಲ್ಲ.